ಗಿರಣಿಯ ಮನೆಯಿಂದ ಬೆಳ್ಳಿಯ ರಥದವರೆಗೆ: ಸರ್ ಹೆನ್ರಿ ರಾಯ್ಸ್ ಅವರ ಜೀವನಕಥೆ

ದೆಹಲಿಯಲ್ಲಿ 1964ರಲ್ಲಿ ಆರಂಭವಾದ ಸ್ಟೇಟ್ಸ್‌ಮನ್ ಪತ್ರಿಕೆಯ ಹಳೆಯ ಕಾರುಗಳ ಮೆರವಣಿಗೆಯನ್ನಾಗಲಿ, ಮುಂಬಯಿಯಲ್ಲಿ ನಡೆಯುವ ವಿಂಟೇಜ್ ಕಾರುಗಳ ರ‍್ಯಾಲಿಯನ್ನಾಗಲಿ ಮಕ್ಕಳ ಕೈ ಹಿಡಿದು ನೋಡಿ ಬಂದ ಕುಟುಂಬಗಳು ನಮ್ಮ ಓದುಗರಲ್ಲಿ ಅನೇಕ ಇರಬಹುದು. ಅಂತಹ ಸಾಲಿನಲ್ಲಿ ಎತ್ತರದ ಚೌಕಾಕಾರದ ರೇಡಿಯೇಟರ್, ಅದರ ಮೇಲೆ ಮುಂದಕ್ಕೆ ಬಾಗಿ ನಿಂತ ಪುಟ್ಟ ಸ್ತ್ರೀ ವಿಗ್ರಹ, ಒಂದರ ಮೇಲೊಂದು ಬರೆದ ಎರಡು ‘ಆರ್’ ಅಕ್ಷರಗಳು ಕಂಡ ಕೂಡಲೇ ಜನ ಅತ್ತ ಸರಿಯುತ್ತಾರೆ. ಇದು ಯಾವ ಮಹಾರಾಜರ ಕಾರು, ಇಂದಿನ ಬೆಲೆ ಎಷ್ಟು ಎಂಬ ಪ್ರಶ್ನೆಗಳು ಏಳುತ್ತವೆ. ಇದನ್ನು ಮಾಡಿದವನು ಯಾರು ಎಂದು ಕೇಳುವವರು ಮಾತ್ರ ವಿರಳ.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಕಾರುಗಳ ಅಭಿಮಾನಿಗಳಿಗೆ ಪ್ರಿಯವಾದ ಹೆಸರುಗಳು ಹಲವು ಇವೆ. ಬುಗಾಟಿ, ಬೆಂಟ್ಲಿ, ಹಿಸ್ಪಾನೊ ಸುಯಿಜಾ, ಡ್ಯೂಸನ್‌ಬರ್ಗ್ ಮುಂತಾದ ಪ್ರತಿಯೊಂದಕ್ಕೂ ತನ್ನದೇ ಆದ ಭಕ್ತವೃಂದವಿದೆ. ಆದರೆ ನಮ್ಮ ದೇಶದಲ್ಲಿ ರೋಲ್ಸ್ ರಾಯ್ಸ್‌ನಷ್ಟು ಮನೆಮಾತಾದ ಹೆಸರು ಬೇರೊಂದಿಲ್ಲ. ಈ ಜೋಡಿ ಹೆಸರಿನಲ್ಲಿ ಮೊದಲಿನವರು ಶ್ರೀಮಂತ ಪ್ರಭುವಿನ ಮಗ. ಎರಡನೆಯವರು ಅನ್ನಕ್ಕೂ ಪರದಾಡಿದ ಬಾಲ್ಯವನ್ನು ಕಂಡು, ಒಂದೇ ಒಂದು ವರ್ಷದಷ್ಟು ಶಾಲೆಯ ಮೆಟ್ಟಿಲು ಹತ್ತಿದ ಕಾರ್ಮಿಕ. ಅರಸರ ವಾಹನವೆಂದು ಪ್ರಸಿದ್ಧವಾದ ಆ ಕಾರು ಹುಟ್ಟಿದ್ದು ಈ ಎರಡನೆಯವರ ಕೈಯಿಂದ. ಆ ಹಿರಿಮೆಗೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. ಸರ್ ಹೆನ್ರಿ ರಾಯ್ಸ್ ಅವರ ಬದುಕನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಕಷ್ಟದ ಬಾಲ್ಯ

ಫ್ರೆಡರಿಕ್ ಹೆನ್ರಿ ರಾಯ್ಸ್ ಅವರು 1863ರ ಮಾರ್ಚ್ 27ರಂದು ಇಂಗ್ಲೆಂಡಿನ ಪೀಟರ್‌ಬರೋ ಪಟ್ಟಣದ ಸಮೀಪದ ಅಲ್ವಾಲ್ಟನ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಜೇಮ್ಸ್ ರಾಯ್ಸ್ ಅವರು ಅಲ್ಲಿನ ಹಿಟ್ಟಿನ ಗಿರಣಿಯನ್ನು ಗುತ್ತಿಗೆಗೆ ಪಡೆದು ನಡೆಸುತ್ತಿದ್ದರು. ಐವರು ಮಕ್ಕಳಲ್ಲಿ ಹೆನ್ರಿಯೇ ಕಿರಿಯವನು. ಗಿರಣಿಯ ವ್ಯವಹಾರ ಕೈಗೂಡದೆ ನಷ್ಟಕ್ಕೆ ಇಳಿಯಿತು. ಕುಟುಂಬ ಊರು ಬಿಟ್ಟು ಲಂಡನ್ ಸೇರಿತು. ಅಲ್ಲಿಯೂ ಭಾಗ್ಯದ ಬಾಗಿಲು ತೆರೆಯಲಿಲ್ಲ. 1872ರಲ್ಲಿ, ಹೆನ್ರಿಗೆ ಒಂಬತ್ತು ವರ್ಷವಾಗಿದ್ದಾಗ, ತಂದೆ ಬಡವರ ಆಶ್ರಯಾಲಯದಲ್ಲಿ ತೀರಿಕೊಂಡರು.

ಆಟವಾಡುವ ವಯಸ್ಸಿನಲ್ಲಿ ಆ ಬಾಲಕ ಲಂಡನ್ನಿನ ಬೀದಿಗಳಲ್ಲಿ ಪತ್ರಿಕೆಗಳನ್ನು ಮಾರಿದನು. ಮುಂದೆ ಮನೆಮನೆಗೆ ತಂತಿ ಹಂಚುವ ಕೆಲಸ ಹಿಡಿದನು. ಬೆಳೆಯುವ ವಯಸ್ಸಿನ ಆ ಅರೆಹೊಟ್ಟೆಯ ದಿನಗಳು ಅವರ ದೇಹದಲ್ಲಿ ಬಿಟ್ಟ ದೌರ್ಬಲ್ಯ ಕೊನೆಯವರೆಗೂ ಅವರನ್ನು ಬಿಡಲಿಲ್ಲವೆಂದು ಅವರ ಜೀವನವನ್ನು ಬರೆದವರು ಅಭಿಪ್ರಾಯಪಟ್ಟಿದ್ದಾರೆ.

ಕತ್ತಲೆಯಲ್ಲಿ ಒಂದು ಹಣತೆಯನ್ನು ಹಚ್ಚಿದವರು ಅವರ ಚಿಕ್ಕಮ್ಮ. ವರ್ಷಕ್ಕೆ ಇಪ್ಪತ್ತು ಪೌಂಡು ಶುಲ್ಕ ಕಟ್ಟಲು ಒಪ್ಪಿ, 1878ರಲ್ಲಿ ಆಕೆ ಹುಡುಗನನ್ನು ಪೀಟರ್‌ಬರೋದಲ್ಲಿದ್ದ ಗ್ರೇಟ್ ನಾರ್ದರ್ನ್ ರೈಲ್ವೆಯ ಕಾರ್ಯಾಗಾರದಲ್ಲಿ ತರಬೇತಿಗೆ ಸೇರಿಸಿದರು. ಉಗಿಬಂಡಿಗಳ ಆ ಲೋಕದಲ್ಲಿ ಹೆನ್ರಿ ಅರದಿಂದ ಉಜ್ಜುವುದು, ಲೇತ್ ತಿರುಗಿಸುವುದು, ಲೋಹದ ಗುಣವನ್ನು ಕೈಯ ಸ್ಪರ್ಶದಿಂದಲೇ ಅರಿಯುವುದು ಮೊದಲಾದವನ್ನು ಕಲಿತನು. ಆದರೆ ಮೂರು ವರ್ಷಗಳಾಗುವಷ್ಟರಲ್ಲಿ ಚಿಕ್ಕಮ್ಮನ ಕೈಯೂ ಬರಿದಾಯಿತು. ತರಬೇತಿ ಅರ್ಧಕ್ಕೇ ನಿಂತಿತು. ಪೂರ್ಣ ತರಬೇತಿಯ ಪ್ರಮಾಣಪತ್ರವಿಲ್ಲದ ಹುಡುಗನಿಗೆ ಕೆಲಸ ಕೊಡುವವರು ಯಾರು? ಕೊನೆಗೆ ಲೀಡ್ಸ್ ನಗರದ ಉಪಕರಣ ತಯಾರಕರೊಬ್ಬರಲ್ಲಿ ವಾರಕ್ಕೆ ಹನ್ನೊಂದು ಶಿಲಿಂಗ್ ಕೂಲಿಯ ಕೆಲಸ ದೊರೆಯಿತು.

1881ರ ಸುಮಾರಿಗೆ ಅವರು ಲಂಡನ್ನಿಗೆ ಮರಳಿ ವಿದ್ಯುದ್ದೀಪದ ಕಂಪನಿಯೊಂದನ್ನು ಸೇರಿದರು. ವಿದ್ಯುತ್ತು ಆಗ ಹೊಸ ವಿದ್ಯೆ. ಪದವೀಧರರಿಗೂ ಅದರ ಪೂರ್ಣ ಜ್ಞಾನವಿರಲಿಲ್ಲವಾದ್ದರಿಂದ ಓದಿಲ್ಲದವನಿಗೂ ಅಲ್ಲಿ ಒಂದಿಷ್ಟು ಎಡೆಯಿತ್ತು. ಹಗಲು ದುಡಿದು, ಸಂಜೆಯ ತರಗತಿಗಳಿಗೆ ಹೋಗಿ ರಾಯ್ಸ್ ಅವರು ವಿದ್ಯುತ್ ಶಾಸ್ತ್ರವನ್ನು ಕಲಿತರು. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ಕನ್ನಡದ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು ಮೇಲೆ ಬಂದ ನಮ್ಮ ಹಿರಿಯರ ನೆನಪು ಇಲ್ಲಿ ಬಾರದಿರದು. ದೇಶ ಬೇರೆ, ಕಾಲ ಬೇರೆ. ಹಸಿವು ಮತ್ತು ಹಂಬಲ ಒಂದೇ. ಮರುವರ್ಷವೇ ಕಂಪನಿ ಅವರನ್ನು ಲಿವರ್‌ಪೂಲ್ ನಗರದ ಬೀದಿಗಳಿಗೂ ನಾಟಕಶಾಲೆಗಳಿಗೂ ದೀಪ ಹಾಕಿಸುವ ಹೊಣೆಗೆ ಕಳುಹಿಸಿತು. ಆದರೆ ಆ ಸಂಸ್ಥೆಯೂ ಬಹುಕಾಲ ಉಳಿಯಲಿಲ್ಲ.

ಕುಕ್ ಬೀದಿಯ ಕಾರ್ಖಾನೆ

ಕೈಯಲ್ಲಿದ್ದ ಕೆಲಸ ಮತ್ತೆ ಮತ್ತೆ ಜಾರಿಹೋಗುವುದನ್ನು ಕಂಡ ರಾಯ್ಸ್ ಅವರು ತಮ್ಮದೇ ಉದ್ಯಮವನ್ನು ಕಟ್ಟಲು ನಿಶ್ಚಯಿಸಿದರು. 1884ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ತಾವು ಉಳಿಸಿದ್ದ ಇಪ್ಪತ್ತು ಪೌಂಡುಗಳಿಗೆ ಗೆಳೆಯ ಅರ್ನೆಸ್ಟ್ ಕ್ಲೇರ್‌ಮಾಂಟ್ ಅವರ ಐವತ್ತು ಪೌಂಡುಗಳನ್ನು ಸೇರಿಸಿ ಮ್ಯಾಂಚೆಸ್ಟರ್ ನಗರದ ಕುಕ್ ಬೀದಿಯಲ್ಲಿ ಪುಟ್ಟ ಕಾರ್ಖಾನೆಯನ್ನು ತೆರೆದರು. ಮೊದಲು ತಯಾರಾದದ್ದು ಮನೆಯ ಕರೆಗಂಟೆ, ದೀಪದ ಹೋಲ್ಡರು ಮೊದಲಾದ ಸಣ್ಣಪುಟ್ಟ ಸಾಮಾನು. ಇಬ್ಬರೂ ಕಾರ್ಖಾನೆಯ ಮೇಲಿನ ಕೋಣೆಯಲ್ಲಿಯೇ ವಾಸವಿದ್ದರು. ರಾತ್ರಿ ಕೆಲಸ ಮುಗಿಸಿ ಬೆಂಚಿನ ಪಕ್ಕದಲ್ಲಿಯೇ ಮಲಗಿದ ದಿನಗಳು ಎಷ್ಟೋ.

ಕ್ರಮೇಣ ಕಾರ್ಖಾನೆ ಬೆಳೆಯಿತು. ರಾಯ್ಸ್ ಅವರು ರೂಪಿಸಿದ ಡೈನಮೋಗಳು ಕಿಡಿ ಹಾರಿಸದೆ ನಡೆಯುತ್ತಿದ್ದುದರಿಂದ ಹತ್ತಿಯ ಗಿರಣಿಗಳಲ್ಲಿಯೂ ಹಡಗುಗಳಲ್ಲಿಯೂ ಅವಕ್ಕೆ ಬೇಡಿಕೆ ಬಂದಿತು. ಹತ್ತಿಯ ಧೂಳು ತುಂಬಿದ ಗಿರಣಿಯಲ್ಲಿ ಒಂದು ಕಿಡಿ ಎಂದರೆ ಇಡೀ ಕಟ್ಟಡವೇ ಭಸ್ಮವಾಗಬಹುದೆಂಬುದನ್ನು ನೆನೆದರೆ ಈ ಗುಣದ ಮಹತ್ವ ತಿಳಿಯುತ್ತದೆ. ಬಳಿಕ ಭಾರ ಎತ್ತುವ ವಿದ್ಯುತ್ ಕ್ರೇನುಗಳಿಗೂ ಅವರ ಕಾರ್ಖಾನೆ ಹೆಸರಾಯಿತು. 1893ರಲ್ಲಿ ಮಿನ್ನಿ ಪಂಟ್ ಎಂಬಾಕೆಯೊಂದಿಗೆ ವಿವಾಹವಾಯಿತು. ಆಕೆಯ ಸೋದರಿಯನ್ನು ಕ್ಲೇರ್‌ಮಾಂಟ್ ವರಿಸಿದರು. ರಾಯ್ಸ್ ದಂಪತಿಗಳಿಗೆ ಸ್ವಂತ ಮಕ್ಕಳಾಗಲಿಲ್ಲ. ಮಿನ್ನಿಯ ಸೋದರನ ಮಗಳಾದ ವಯಲೆಟ್‌ಳನ್ನು ದತ್ತು ತೆಗೆದುಕೊಂಡರು. ನಟ್ಸ್‌ಫರ್ಡ್ ಎಂಬಲ್ಲಿ ಮನೆ ಕಟ್ಟಿಸಿದರು. ತೋಟವೆಂದರೆ ಅವರಿಗೆ ಪ್ರಾಣ. ಆದರೆ ಹಗಲಲ್ಲಿ ಬಿಡುವೆಲ್ಲಿ? ತೋಟದಲ್ಲಿ ವಿದ್ಯುದ್ದೀಪ ಹಾಕಿಸಿ ರಾತ್ರಿಯ ಹೊತ್ತು ಗುಲಾಬಿ ಗಿಡಗಳ ಆರೈಕೆ ಮಾಡುತ್ತಿದ್ದರು.

ಊಟದ ಪರಿವೆ ಅವರಿಗೆ ಇರುತ್ತಿರಲಿಲ್ಲ. ಹಾಲಿನ ಲೋಟ ಹಿಡಿದು ಹುಡುಗನೊಬ್ಬ ಕಾರ್ಖಾನೆಯಲ್ಲಿ ಯಜಮಾನರ ಹಿಂದೆ ಹಿಂದೆ ಅಲೆಯಬೇಕಾಗುತ್ತಿತ್ತೆಂಬ ಸಂಗತಿ ಅವರ ಚರಿತ್ರೆಗಳಲ್ಲಿ ಬರುತ್ತದೆ. ಬಾಲ್ಯದಲ್ಲಿ ಅನ್ನ ಸಿಗದೆ ಹಸಿದವರು, ಅನ್ನ ಸಿಕ್ಕಾಗಲೂ ಕೆಲಸದ ಗುಂಗಿನಲ್ಲಿ ಹಸಿದೇ ಇದ್ದರು. ಇದರ ಫಲ ಶೀಘ್ರದಲ್ಲಿಯೇ ಕಾಣಿಸಿತು. ವಿದೇಶದ ಅಗ್ಗದ ಯಂತ್ರಗಳ ಪೈಪೋಟಿಯಿಂದ ವ್ಯಾಪಾರ ಕುಸಿದ ಚಿಂತೆಯೂ ಸೇರಿ, 1902ರಲ್ಲಿ ಅವರ ಆರೋಗ್ಯ ಕುಸಿಯಿತು. ಪತ್ನಿಯ ಬಂಧುಗಳಿದ್ದ ದಕ್ಷಿಣ ಆಫ್ರಿಕಕ್ಕೆ ವಿಶ್ರಾಂತಿಗಾಗಿ ಅವರನ್ನು ಕಳುಹಿಸಲಾಯಿತು. ಹಡಗಿನಲ್ಲಿ ಅವರು ಓದಿದ್ದು ಮೋಟಾರು ವಾಹನಗಳ ರಚನೆಯನ್ನು ವಿವರಿಸುವ ಫ್ರೆಂಚ್ ಲೇಖಕರೊಬ್ಬರ ಪುಸ್ತಕವನ್ನು.

ಮೊದಲ ಕಾರು ಮತ್ತು ಒಂದು ಭೇಟಿ

ಮರಳಿ ಬಂದ ಮೇಲೆ ರಾಯ್ಸ್ ಅವರು ಡೆಕೊವಿಲ್ ಎಂಬ ಫ್ರೆಂಚ್ ಕಂಪನಿಯ ಹಳೆಯ ಕಾರೊಂದನ್ನು ಕೊಂಡರು. ಆ ಕಾಲಕ್ಕೆ ಅದು ಒಳ್ಳೆಯ ಕಾರೇ ಹೌದು. ಆದರೆ ಅದರ ಗದ್ದಲ, ನಡುಕ, ಬಿಸಿಯೇರುವ ಎಂಜಿನ್, ನೆಚ್ಚಲಾಗದ ವಿದ್ಯುತ್ ಜೋಡಣೆ ಇವನ್ನೆಲ್ಲ ರಾಯ್ಸ್ ಸಹಿಸಲಾರದಾದರು. ಕಾರನ್ನು ಪೂರ್ತಿ ಬಿಚ್ಚಿ ಒಂದೊಂದು ಭಾಗವನ್ನೂ ಪರೀಕ್ಷಿಸಿದರು. ಹೊಸದೇನನ್ನೋ ಕಂಡುಹಿಡಿದು ಲೋಕವನ್ನು ಬೆರಗುಗೊಳಿಸಬೇಕೆಂಬ ಆಸೆ ಅವರಿಗಿರಲಿಲ್ಲ. ಇದ್ದುದನ್ನು ಅದು ಇರಬೇಕಾದ ರೀತಿಯಲ್ಲಿ ಮಾಡಬೇಕೆಂಬುದಷ್ಟೇ ಅವರ ಹಟ. ಅವರ ಇಡೀ ಸಾಧನೆಯ ಗುಟ್ಟು ಇಲ್ಲಿಯೇ ಇದೆಯೆಂದು ನಮಗನಿಸುತ್ತದೆ. ಮೋಟಾರು ಕಾರನ್ನು ಅವರು ಕಂಡುಹಿಡಿಯಲಿಲ್ಲ. ಅದನ್ನು ನಂಬಿಕೆಗೆ ಅರ್ಹವಾಗುವಂತೆ ಮಾಡಿದರು.

ಕ್ರೇನುಗಳ ಕಾರ್ಖಾನೆಯ ಒಂದು ಮೂಲೆಯಲ್ಲಿ ಎರಡು ಸಿಲಿಂಡರುಗಳ, ಹತ್ತು ಅಶ್ವಶಕ್ತಿಯ ಕಾರು ಸಿದ್ಧವಾಯಿತು. 1904ರ ಏಪ್ರಿಲ್ 1ರಂದು ರಾಯ್ಸ್ ಅವರೇ ಅದನ್ನು ಕುಕ್ ಬೀದಿಯಿಂದ ನಟ್ಸ್‌ಫರ್ಡಿನ ಮನೆಯವರೆಗೆ, ಸುಮಾರು ಹದಿನೈದು ಮೈಲು, ನಡೆಸಿದರು. ದಾರಿಯಲ್ಲಿ ಅದು ಎಲ್ಲಿಯೂ ಕೆಟ್ಟು ನಿಲ್ಲಲಿಲ್ಲ. ಪ್ರತಿ ಪಯಣಕ್ಕೂ ರಿಪೇರಿಯ ಪೆಟ್ಟಿಗೆ ಕಟ್ಟಿಕೊಂಡೇ ಹೊರಡಬೇಕಾಗಿದ್ದ ಆ ದಿನಗಳಲ್ಲಿ ಇದೇ ಒಂದು ವಿಶೇಷ.

ಇತ್ತ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಟುವರ್ಟ್ ರೋಲ್ಸ್ ಎಂಬ ತರುಣರಿದ್ದರು. 1877ರಲ್ಲಿ ಜನಿಸಿದ ಅವರು ಲ್ಯಾಂಗಟ್ಟಾಕ್ ಪ್ರಭುವಿನ ಮಗ. ಈಟನ್ ಶಾಲೆಯಲ್ಲಿಯೂ ಕೇಂಬ್ರಿಜ್‌ನಲ್ಲಿಯೂ ಓದಿದವರು. ಕಾರು ಪಂದ್ಯಗಳಲ್ಲಿಯೂ ಬಲೂನಿನ ಹಾರಾಟದಲ್ಲಿಯೂ ಹೆಸರಾದವರು. ಫ್ರಾನ್ಸ್, ಬೆಲ್ಜಿಯಂ ದೇಶಗಳ ಕಾರುಗಳನ್ನು ತರಿಸಿ ಸಿರಿವಂತರಿಗೆ ಮಾರುತ್ತಿದ್ದ ಅವರಿಗೆ ಅವುಗಳಿಗೆ ಸಾಟಿಯಾಗುವ ಇಂಗ್ಲಿಷ್ ಕಾರು ದೊರೆಯದ ಕೊರಗಿತ್ತು. ರಾಯ್ಸ್ ಕಂಪನಿಯಲ್ಲಿ ಪಾಲು ಹೊಂದಿದ್ದ ಹೆನ್ರಿ ಎಡ್ಮಂಡ್ಸ್ ಅವರು ಇವರಿಬ್ಬರ ಭೇಟಿಗೆ ಏರ್ಪಾಡು ಮಾಡಿದರು. ರಾಯ್ಸ್ ಕೆಲಸ ಬಿಟ್ಟು ಲಂಡನ್ನಿಗೆ ಬರಲಾರದೆ ಹೋದುದರಿಂದ ಪ್ರಭುಪುತ್ರನೇ ಮ್ಯಾಂಚೆಸ್ಟರಿಗೆ ಬರಬೇಕಾಯಿತು. 1904ರ ಮೇ 4ರಂದು ಅಲ್ಲಿನ ಮಿಡ್‌ಲೆಂಡ್ ಹೋಟೆಲಿನಲ್ಲಿ ಅವರು ಸೇರಿದರು. ಎರಡು ಸಿಲಿಂಡರುಗಳ ಕಾರೆಂದರೆ ಮೂಗು ಮುರಿಯುತ್ತಿದ್ದ ರೋಲ್ಸ್, ರಾಯ್ಸ್ ಅವರ ಕಾರಿನಲ್ಲಿ ಒಂದು ಸುತ್ತು ಹೋಗಿ ಬಂದ ಮೇಲೆ ಮನಸ್ಸು ಬದಲಿಸಿದರು. ರಾಯ್ಸ್ ತಯಾರಿಸುವ ಕಾರುಗಳನ್ನೆಲ್ಲ ರೋಲ್ಸ್ ಮಾರುವುದೆಂದೂ ಕಾರುಗಳಿಗೆ ಇಬ್ಬರ ಹೆಸರನ್ನೂ ಇಡುವುದೆಂದೂ ಅದೇ ವರ್ಷದ ಡಿಸೆಂಬರ್ 23ರಂದು ಒಪ್ಪಂದವಾಯಿತು. 1906ರಲ್ಲಿ ರೋಲ್ಸ್ ರಾಯ್ಸ್ ಕಂಪನಿ ವಿಧ್ಯುಕ್ತವಾಗಿ ಸ್ಥಾಪನೆಯಾಯಿತು.

ಈ ಇಬ್ಬರ ನಡುವೆ ಮೂರನೆಯವರೊಬ್ಬರನ್ನು ಮರೆಯಬಾರದು. ಅವರು ರೋಲ್ಸ್ ಅವರ ಪಾಲುದಾರ ಕ್ಲಾಡ್ ಜಾನ್ಸನ್. ವ್ಯವಹಾರ, ಪ್ರಚಾರ, ಲೆಕ್ಕಪತ್ರ ಎಲ್ಲವೂ ಅವರದೇ. ಎರಡು ಹೆಸರುಗಳ ನಡುವಣ ಅಡ್ಡಗೆರೆ ಎಂದೇ ಅವರನ್ನು ಕರೆಯುವ ವಾಡಿಕೆ ಬಿದ್ದುಹೋಯಿತು.

ಸಿಲ್ವರ್ ಗೋಸ್ಟ್

1906ರ ಕೊನೆಯಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ರಾಯ್ಸ್ ಅವರ ಹೊಸ ಕಾರು ಕಾಣಿಸಿಕೊಂಡಿತು. ಆರು ಸಿಲಿಂಡರುಗಳ, 7,036 ಘನ ಸೆಂಟಿಮೀಟರ್ ಗಾತ್ರದ ಎಂಜಿನ್ ಅದರದು. ಉದ್ದನೆಯ ಆರು ಸಿಲಿಂಡರಿನ ಎಂಜಿನುಗಳ ಕ್ರ್ಯಾಂಕ್ ದಂಡ ತಿರುಚಿ ನಡುಗುವುದು ಆಗಿನ ಎಲ್ಲ ತಯಾರಕರ ತಲೆನೋವಾಗಿತ್ತು. ರಾಯ್ಸ್ ಅವರ ಹಿಂದಿನ ಮೂವತ್ತು ಅಶ್ವಶಕ್ತಿಯ ಕಾರೂ ಇದಕ್ಕೆ ಹೊರತಾಗಿರಲಿಲ್ಲ. ಈ ಬಾರಿ ಅವರು ದಪ್ಪನೆಯ ದಂಡವನ್ನು ಏಳು ಬೇರಿಂಗುಗಳ ಮೇಲೆ ಕೂರಿಸಿ, ಒತ್ತಡದಿಂದ ಎಣ್ಣೆ ಹರಿಯುವಂತೆ ಮಾಡಿ, ಆ ನಡುಕವನ್ನು ಅಡಗಿಸಿದರು. ಚೌಕಟ್ಟಿನ ಜೋಡಣೆಗೆ ರಿವೆಟ್ ಹೊಡೆಯುವ ಬದಲು, ತುದಿಯತ್ತ ಕಿರಿದಾಗುವ ಬೋಲ್ಟುಗಳನ್ನು ಅಷ್ಟೇ ನಿಖರವಾಗಿ ಕೊರೆದ ರಂಧ್ರಗಳಲ್ಲಿ ಬಿಗಿಸುವುದು ಅವರ ಪದ್ಧತಿ. ಕಣ್ಣಿಗೆ ಕಾಣದ ಈ ಶ್ರಮವೇ ಮುಂದೆ ಕಿವಿಗೆ ಕೇಳದ ಎಂಜಿನ್ನಾಗಿ ಫಲಿಸಿತು.

ಜಾನ್ಸನ್ ಈ ಮಾದರಿಯ ಒಂದು ಕಾರಿಗೆ ಬೆಳ್ಳಿಯ ಬಣ್ಣ ಬಳಿಸಿ, ಬೆಳ್ಳಿಲೇಪದ ಅಲಂಕಾರ ಮಾಡಿಸಿ ‘ಸಿಲ್ವರ್ ಗೋಸ್ಟ್’ ಎಂದು ಹೆಸರಿಟ್ಟರು. ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುವ ಬೆಳ್ಳಿಯ ಭೂತವೆಂಬುದು ಅದರ ಭಾವ. 1907ರಲ್ಲಿ ಈ ಕಾರನ್ನು ಮೋಟಾರು ಕ್ಲಬ್ಬಿನ ಪರಿವೀಕ್ಷಣೆಯಲ್ಲಿ ಲಂಡನ್ ಮತ್ತು ಗ್ಲಾಸ್ಗೋ ನಗರಗಳ ನಡುವೆ ಹಗಲಿರುಳು ಓಡಿಸಲಾಯಿತು. ಆರಂಭದಲ್ಲಿ, 629 ಮೈಲಿಯ ಬಳಿ, ಪೆಟ್ರೋಲಿನ ನಲ್ಲಿಯೊಂದು ಅಲುಗಾಟಕ್ಕೆ ತಾನಾಗಿ ಮುಚ್ಚಿಕೊಂಡು ಕಾರು ಒಮ್ಮೆ ನಿಂತಿತು. ಅದಾದ ಮೇಲೆ 14,371 ಮೈಲುಗಳವರೆಗೆ ಯಂತ್ರದೋಷದಿಂದ ಅದು ಒಮ್ಮೆಯೂ ನಿಲ್ಲಲಿಲ್ಲ. ಓಟ ಮುಗಿದ ಮೇಲೆ ಕಾರನ್ನು ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ ಹೊಸದರಂತೆ ಮಾಡಲು ತಗುಲಿದ ಬಿಡಿಭಾಗಗಳ ವೆಚ್ಚ ಎರಡು ಪೌಂಡು ಎರಡು ಶಿಲಿಂಗ್ ಏಳು ಪೆನ್ನಿ ಮಾತ್ರ. ಆ ಒಂದು ಕಾರಿನ ಹೆಸರು ಇಡೀ ಮಾದರಿಗೇ ಅಂಟಿಕೊಂಡಿತು. 1926ರವರೆಗೆ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಒಟ್ಟು ಏಳು ಸಾವಿರಕ್ಕೂ ಹೆಚ್ಚು ಸಿಲ್ವರ್ ಗೋಸ್ಟ್ ಕಾರುಗಳು ತಯಾರಾದವು.

ಈ ಕೀರ್ತಿ ನಮ್ಮ ದೇಶಕ್ಕೂ ಬಹುಬೇಗ ತಲಪಿತು. 1908ರಲ್ಲಿ ಮುಂಬಯಿ ಮತ್ತು ಕೊಲ್ಹಾಪುರಗಳ ನಡುವೆ ಘಟ್ಟದ ದಾರಿಯಲ್ಲಿ ನಡೆದ ಕಠಿಣ ಪರೀಕ್ಷಾ ಓಟದಲ್ಲಿ ಸಿಲ್ವರ್ ಗೋಸ್ಟ್ ಯಶಸ್ವಿಯಾಯಿತು. ಬಳಿಕ ಆ ಕಾರನ್ನು ಗ್ವಾಲಿಯರಿನ ಮಹಾರಾಜರು ಕೊಂಡರು. ಇದಾದ ಮೇಲೆ ಸಂಸ್ಥಾನಾಧೀಶರು ಒಬ್ಬರ ಹಿಂದೊಬ್ಬರಂತೆ ಬೇಡಿಕೆಗಳನ್ನು ಕಳುಹಿಸಿದರು. ನಮ್ಮ ಮೈಸೂರು ಅರಮನೆಯ ವಾಹನಶಾಲೆಯಲ್ಲಿಯೂ ರೋಲ್ಸ್ ರಾಯ್ಸ್ ಕಾರುಗಳು ಬಂದು ನಿಂತವು. ಹೈದರಾಬಾದಿನಲ್ಲಿರುವ ಓದುಗರು ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ ಹಳದಿ ಬಣ್ಣದ, ಸಿಂಹಾಸನದಂತಹ ಆಸನವುಳ್ಳ 1912ರ ಸಿಲ್ವರ್ ಗೋಸ್ಟ್ ಅನ್ನು ನೋಡಿರಬಹುದು. ಕಂಪನಿ ಮಾಡುತ್ತಿದ್ದುದು ಚೌಕಟ್ಟು ಮತ್ತು ಎಂಜಿನ್ ಮಾತ್ರ. ಮೇಲಿನ ಮೈಯನ್ನು ಗ್ರಾಹಕರ ಇಷ್ಟದಂತೆ ಬೇರೆ ಕುಶಲಕರ್ಮಿಗಳು ಕಟ್ಟುತ್ತಿದ್ದರು. ಹೀಗಾಗಿ ಅರಸರ ವೈಭವವೆಲ್ಲ ಹೊರಗಿನ ಮೈಗೆ ಸೇರಿದ್ದು. ಒಳಗಿನದು ಗಿರಣಿಯವನ ಮಗನದು.

ಕುಕ್ ಬೀದಿಯ ಜಾಗ ಸಾಲದಾಗಲು, 1908ರಲ್ಲಿ ಡರ್ಬಿ ಪಟ್ಟಣದಲ್ಲಿ ಹೊಸ ಕಾರ್ಖಾನೆ ಆರಂಭವಾಯಿತು. ಯಂತ್ರಗಳ ಜೋಡಣೆಯಿಂದ ಹಿಡಿದು ಕಟ್ಟಡದ ವಿವರಗಳವರೆಗೆ ಎಲ್ಲವನ್ನೂ ರಾಯ್ಸ್ ಅವರೇ ನೋಡಿಕೊಂಡರು. ಅದಕ್ಕಾಗಿ ಅವರು ಪಟ್ಟ ಶ್ರಮ ದೇಹವನ್ನು ಮತ್ತೆ ಹಣ್ಣುಮಾಡಿತು.

ಎರಡು ಪೆಟ್ಟುಗಳು

ರೋಲ್ಸ್ ಅವರ ಮನಸ್ಸು ಅಷ್ಟರಲ್ಲಿ ಕಾರುಗಳಿಂದ ವಿಮಾನಗಳತ್ತ ಹೊರಳಿತ್ತು. 1910ರ ಜೂನ್ 2ರಂದು ಅವರು ಇಂಗ್ಲಿಷ್ ಕಾಲುವೆಯನ್ನು ನಡುವೆ ಇಳಿಯದೆ ಹೋಗಿ ಬರುವ ಎರಡು ದಾಟಿನ ಹಾರಾಟವನ್ನು ಮೊದಲ ಬಾರಿಗೆ ಸಾಧಿಸಿದರು. ಮರುತಿಂಗಳು 12ರಂದು ಬೋರ್ನ್‌ಮತ್ ಪಟ್ಟಣದ ವಿಮಾನೋತ್ಸವದಲ್ಲಿ ಅವರ ವಿಮಾನದ ಬಾಲದ ಭಾಗ ಮುರಿದು ಬಿದ್ದು, ಅವರು ಅಲ್ಲಿಯೇ ಮೃತಪಟ್ಟರು. ವಯಸ್ಸು ಮೂವತ್ತೆರಡು. ಎಂಜಿನ್ ಬಲದ ವಿಮಾನದ ಅಪಘಾತದಲ್ಲಿ ಮಡಿದ ಮೊದಲ ಬ್ರಿಟಿಷ್ ಪ್ರಜೆ ಅವರು. ಜೋಡಿ ಹೆಸರಿನ ಒಂದು ಅರ್ಧ ಹೀಗೆ ಆರೇ ವರ್ಷಗಳಲ್ಲಿ ಅಳಿಯಿತು.

ಇನ್ನೊಂದು ಅರ್ಧವೂ ಅಳಿಯುವ ಸ್ಥಿತಿಯಲ್ಲಿತ್ತು. 1911ರಲ್ಲಿ ರಾಯ್ಸ್ ತೀವ್ರ ಅಸ್ವಸ್ಥರಾದರು. ಜಾನ್ಸನ್ ಅವರನ್ನು ಕಾರ್ಖಾನೆಯಿಂದ ಬಿಡಿಸಿಕೊಂಡು ಯೂರೋಪಿನ ಮೂಲಕ ಈಜಿಪ್ಟಿನವರೆಗೆ ಕರೆದೊಯ್ದರು. ಮರಳುವಾಗ ದಕ್ಷಿಣ ಫ್ರಾನ್ಸಿನ ಸಮುದ್ರ ತೀರದ ಲ ಕನಡೆಲ್ ಎಂಬ ಹಳ್ಳಿ ರಾಯ್ಸ್ ಅವರಿಗೆ ಮೆಚ್ಚಿಗೆಯಾಯಿತು. ಅಲ್ಲಿಯೇ ಅವರಿಗಾಗಿ ಮನೆಯೊಂದನ್ನು ಕಟ್ಟಿಸಲಾಯಿತು. 1912ರಲ್ಲಿ ಕರುಳಿನ ದೊಡ್ಡ ಶಸ್ತ್ರಚಿಕಿತ್ಸೆ ನಡೆಯಿತು. ಹೆಚ್ಚು ಕಾಲ ಬದುಕಲಾರರೆಂದು ವೈದ್ಯರು ಎಣಿಸಿದ್ದರು. ಆದರೆ ರಾಯ್ಸ್ ಆ ಬಳಿಕವೂ ಇಪ್ಪತ್ತು ವರ್ಷ ಬಾಳಿದರು.

ಬಾಳಿದ್ದು ಯಾವ ರೀತಿಯಲ್ಲಿ ಎಂಬುದನ್ನು ಮಾತ್ರ ಗಮನಿಸಬೇಕು. ಡರ್ಬಿಯ ಕಾರ್ಖಾನೆಯ ನಿತ್ಯದ ಓಡಾಟ ಅವರಿಗೆ ಶಾಶ್ವತವಾಗಿ ತಪ್ಪಿಹೋಯಿತು. ಅವರು ಎದುರಿಗಿದ್ದರೆ ಕೆಲಸದಿಂದ ತಡೆಯುವುದು ಅಸಾಧ್ಯವೆಂದು ಕಂಪನಿಯವರಿಗೆ ಗೊತ್ತಿತ್ತು. ಚಳಿಗಾಲವನ್ನು ಫ್ರಾನ್ಸಿನಲ್ಲಿಯೂ ಉಳಿದ ಕಾಲವನ್ನು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿಯೂ ಕಳೆಯತೊಡಗಿದರು. 1917ರಿಂದ ವೆಸ್ಟ್ ವಿಟರಿಂಗ್ ಎಂಬ ಹಳ್ಳಿ ಅವರ ನೆಲೆಯಾಯಿತು. ಎಥೆಲ್ ಆಬಿನ್ ಎಂಬ ದಾದಿ ಅವರ ಆಹಾರ, ನಿದ್ರೆ, ಔಷಧಗಳನ್ನು ಕೊನೆಯವರೆಗೂ ನೋಡಿಕೊಂಡರು. ಪತ್ನಿ ಮಿನ್ನಿಯೊಂದಿಗಿನ ಸಂಸಾರ ಮುರಿದು ಇಬ್ಬರೂ ಬೇರೆಯಾದರು. ಎಷ್ಟೋ ವರ್ಷ ರಾತ್ರಿಯೆಲ್ಲ ಕಾರ್ಖಾನೆಯಲ್ಲಿದ್ದ ಗಂಡನಿಗಾಗಿ ಕಾದ ಆ ಮನೆಯ ಮೌನದ ಬಗೆಗೆ ಚರಿತ್ರೆಗಳಲ್ಲಿ ಹೆಚ್ಚಿನ ಮಾತಿಲ್ಲ. ಸದ್ದಿಲ್ಲದ ಎಂಜಿನ್ನಿನ ಹೊಗಳಿಕೆಯಲ್ಲಿ ಆ ಮೌನವನ್ನು ನಾವು ಮರೆಯಬಾರದು.

ಸಮುದ್ರ ತೀರದಿಂದ ಸಾಗಿದ ಕೆಲಸ

ಹಾಸಿಗೆ ಹಿಡಿದರೂ ರಾಯ್ಸ್ ಕೆಲಸ ಬಿಡಲಿಲ್ಲ. ನಕ್ಷೆಕಾರರ ಪುಟ್ಟ ತಂಡವೊಂದು ಅವರ ಮನೆಯ ಸಮೀಪದಲ್ಲಿಯೇ ನೆಲೆಸಿತು. ರಾಯ್ಸ್ ಒಂದೊಂದು ಭಾಗವನ್ನೂ ಯೋಚಿಸಿ ಹೇಳುವುದು, ತಂಡದವರು ನಕ್ಷೆ ಬರೆಯುವುದು, ನಕ್ಷೆ ಡರ್ಬಿಗೆ ಹೋಗಿ ಲೋಹವಾಗುವುದು, ಆ ಲೋಹದ ತುಣುಕು ಪರೀಕ್ಷೆಗೆ ಮತ್ತೆ ಅವರ ಬಳಿಗೆ ಬರುವುದು ನಡೆಯುತ್ತಿತ್ತು. ಡರ್ಬಿಯಲ್ಲಿ ಅರ್ನೆಸ್ಟ್ ಹೈವ್ಸ್ ಎಂಬ ದಕ್ಷ ಎಂಜಿನಿಯರು ಪ್ರಯೋಗ ವಿಭಾಗವನ್ನು ನಡೆಸುತ್ತಿದ್ದರು. ರಾಯ್ಸ್ ಅವರ ಟಿಪ್ಪಣಿಗಳು ಎಷ್ಟು ಪರಿಷ್ಕಾರವಾಗಿದ್ದವೆಂದರೆ ಕಂಪನಿ ಅವನ್ನು ಪುಸ್ತಕವಾಗಿ ಮುದ್ರಿಸಿ ಎಂಜಿನಿಯರುಗಳಿಗೆ ಹಂಚಿತು. ಅವರು ಅದನ್ನು ಬೈಬಲ್ ಎಂದೇ ಕರೆಯುತ್ತಿದ್ದರು.

ರಾಯ್ಸ್ ಅವರ ಕೈಯಿಂದ ತಪ್ಪುಗಳೇ ಆಗಲಿಲ್ಲವೆಂದಲ್ಲ. 1912ರಲ್ಲಿ ಆಸ್ಟ್ರಿಯಾದ ಆಲ್ಪ್ಸ್ ಪರ್ವತದ ಪರೀಕ್ಷಾ ಓಟದಲ್ಲಿ ಸಿಲ್ವರ್ ಗೋಸ್ಟ್ ಒಂದು ಕಡಿದಾದ ಏರಿನಲ್ಲಿ ಮುಂದಡಿಯಿಡಲಾರದೆ ನಿಂತಿತು. ಜನರನ್ನು ಇಳಿಸಿದ ಮೇಲಷ್ಟೇ ಮೇಲೆ ಹತ್ತಿತು. ಗೇರುಗಳನ್ನು ಮೂರಕ್ಕೆ ಇಳಿಸಿದ್ದೇ ಇದಕ್ಕೆ ಕಾರಣ. ಕಂಪನಿ ನೆಪ ಹೇಳಲಿಲ್ಲ. ನಾಲ್ಕು ಗೇರುಗಳನ್ನು ಅಳವಡಿಸಿ, ರೇಡಿಯೇಟರನ್ನು ಹಿಗ್ಗಿಸಿ ಮರುವರ್ಷ ಅದೇ ಬೆಟ್ಟಗಳಿಗೆ ಮರಳಿತು. 1913ರಲ್ಲಿ ಆ ಕಾರುಗಳನ್ನು ಸರಿಗಟ್ಟುವವರಿರಲಿಲ್ಲ. ತಪ್ಪನ್ನು ಒಪ್ಪಿಕೊಂಡು ಬೇರಿನಿಂದ ತಿದ್ದುವುದು ರಾಯ್ಸ್ ಅವರ ಮಾರ್ಗ.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಬೇರೆಯವರ ವಿನ್ಯಾಸದ ವಿಮಾನ ಎಂಜಿನುಗಳನ್ನು ತಯಾರಿಸಿ ಕೊಡುವಂತೆ ಸರಕಾರ ಕೇಳಿತು. ರಾಯ್ಸ್ ಅವರಿಗೆ ಆ ವಿನ್ಯಾಸ ಒಪ್ಪಿಗೆಯಾಗಲಿಲ್ಲ. ತಾವೇ ಹನ್ನೆರಡು ಸಿಲಿಂಡರುಗಳ ‘ಈಗಲ್’ ಎಂಜಿನ್ನನ್ನು ರೂಪಿಸಿದರು. 1915ರಲ್ಲಿ ಅದು ಮೊದಲ ಬಾರಿಗೆ ಓಡಿತು. ಯುದ್ಧ ಮುಗಿದ ಮರುವರ್ಷ, 1919ರ ಜೂನಿನಲ್ಲಿ, ಆಲ್ಕಾಕ್ ಮತ್ತು ಬ್ರೌನ್ ಎಂಬ ಇಬ್ಬರು ವೈಮಾನಿಕರು ಎರಡು ಈಗಲ್ ಎಂಜಿನುಗಳ ವಿಮಾನದಲ್ಲಿ ಅಟ್ಲಾಂಟಿಕ್ ಸಾಗರವನ್ನು ಎಲ್ಲಿಯೂ ಇಳಿಯದೆ ದಾಟಿದರು. ಚರಿತ್ರೆಯಲ್ಲಿ ಅದೇ ಮೊದಲು.

ಕಾರುಗಳ ಕೆಲಸವೂ ನಿಲ್ಲಲಿಲ್ಲ. 1922ರಲ್ಲಿ, ಚಾಲಕನನ್ನಿಡದೆ ತಾವೇ ಕಾರು ನಡೆಸುವವರನ್ನೂ ಗಮನದಲ್ಲಿಟ್ಟ ಇಪ್ಪತ್ತು ಅಶ್ವಶಕ್ತಿಯ ಚಿಕ್ಕ ಕಾರು, 1925ರಲ್ಲಿ ಫ್ಯಾಂಟಮ್, 1929ರಲ್ಲಿ ಎರಡನೆಯ ಫ್ಯಾಂಟಮ್ ಬಂದವು. ಅಭಿಮಾನಿಗಳು ಇಂದಿಗೂ ಪೂಜಿಸುವ ಕಾರುಗಳಿವು. 1926ರಲ್ಲಿ ಜಾನ್ಸನ್ ತೀರಿಕೊಂಡರು. ಜೊತೆಯಲ್ಲಿ ಹೊರಟ ಮೂವರಲ್ಲಿ, ಎಲ್ಲರಿಗಿಂತ ಮೊದಲು ಹೋಗುವರೆಂದು ಎಣಿಸಿದ್ದ ರೋಗಿಯೊಬ್ಬರೇ ಉಳಿದರು.

ಕೊನೆಯ ವರ್ಷಗಳು

1920ರ ದಶಕದ ಕೊನೆಯಲ್ಲಿ ಜಲವಿಮಾನಗಳ ಷ್ನೈಡರ್ ಪಂದ್ಯಕ್ಕಾಗಿ ಎಂಜಿನ್ ಬೇಕೆಂದು ಬ್ರಿಟಿಷ್ ವಾಯುಪಡೆ ಕೇಳಿತು. ವೆಸ್ಟ್ ವಿಟರಿಂಗಿನ ಮರಳಿನ ಮೇಲೆ ಊರುಗೋಲಿನಿಂದ ಗೆರೆ ಎಳೆದು ರಾಯ್ಸ್ ತಮ್ಮ ಎಂಜಿನಿಯರುಗಳಿಗೆ ಅದರ ರೂಪವನ್ನು ವಿವರಿಸಿದರೆಂಬ ಕಥೆಯೊಂದಿದೆ. ‘ಆರ್’ ಎಂಬ ಆ ಎಂಜಿನ್ 1929 ಮತ್ತು 1931ರ ಪಂದ್ಯಗಳನ್ನು ಗೆದ್ದುಕೊಟ್ಟಿತು. 1931ರ ಸೆಪ್ಟೆಂಬರಿನಲ್ಲಿ ಅದೇ ಎಂಜಿನ್ನಿನ ವಿಮಾನ ಗಂಟೆಗೆ 400 ಮೈಲುಗಳ ವೇಗವನ್ನು ಮೀರಿ ವಿಶ್ವದಾಖಲೆ ಸ್ಥಾಪಿಸಿತು. 1930ರಲ್ಲಿ ಬ್ರಿಟಿಷ್ ಸರಕಾರ ರಾಯ್ಸ್ ಅವರಿಗೆ ಬ್ಯಾರನೆಟ್ ಪದವಿಯನ್ನಿತ್ತು ಗೌರವಿಸಿತು. ಆ ವಂಶಪಾರಂಪರ್ಯದ ಪದವಿ, ವಾರಸುದಾರರಿಲ್ಲದ ಕಾರಣ, ಅವರೊಂದಿಗೇ ಕೊನೆಗೊಂಡಿತು. ಸರ್ ಎಂದು ಕರೆಸಿಕೊಂಡ ಬಳಿಕವೂ ತಾವೊಬ್ಬ ಮೆಕ್ಯಾನಿಕ್ ಎಂದೇ ಅವರು ಹೇಳಿಕೊಳ್ಳುತ್ತಿದ್ದರು.

1933ರ ಏಪ್ರಿಲ್ 22ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ, ವೆಸ್ಟ್ ವಿಟರಿಂಗಿನ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ಸಾವಿಗೆ ಕೆಲವೇ ಗಂಟೆಗಳ ಮುನ್ನ ಹಾಸಿಗೆಯಲ್ಲಿಯೇ ಶಾಕ್ ಅಬ್ಸಾರ್ಬರಿನ ಚಿತ್ರವೊಂದನ್ನು ಗೀಚಿದ್ದರೆಂದು ಹೇಳಲಾಗುತ್ತದೆ. ಅವರ ಚಿತಾಭಸ್ಮ ಹುಟ್ಟೂರಾದ ಅಲ್ವಾಲ್ಟನ್ ಚರ್ಚನ್ನು ಸೇರಿತು. ರೇಡಿಯೇಟರಿನ ಮೇಲಿನ ಎರಡು ‘ಆರ್’ ಅಕ್ಷರಗಳು ಕೆಂಪಿನಿಂದ ಕಪ್ಪಿಗೆ ತಿರುಗಿದ್ದು ಅವರ ಸಾವಿನ ಶೋಕಸೂಚಕವಾಗಿ ಎಂಬ ನಂಬಿಕೆ ಅಭಿಮಾನಿಗಳಲ್ಲಿ ಬಲವಾಗಿದೆ. ವಾಸ್ತವದಲ್ಲಿ ಆ ಬದಲಾವಣೆಯ ನಿರ್ಧಾರ ಅವರ ಮರಣಕ್ಕೆ ಮೊದಲೇ ಆಗಿತ್ತು. ಕೆಂಪು ಅಕ್ಷರ ಕಾರಿನ ಬಣ್ಣಕ್ಕೆ ಹೊಂದದೆಂಬುದು ಅದಕ್ಕಿದ್ದ ಕಾರಣ.

ಅವರ ಕಾಲದಲ್ಲಿಯೇ ಆರಂಭವಾಗಿದ್ದ ಹೊಸ ವಿಮಾನ ಎಂಜಿನ್ 1933ರ ಅಕ್ಟೋಬರಿನಲ್ಲಿ, ಅವರು ತೀರಿಕೊಂಡ ಆರು ತಿಂಗಳಿಗೆ, ಮೊದಲ ಬಾರಿ ಓಡಿತು. ಅದೇ ‘ಮರ್ಲಿನ್’. 1940ರಲ್ಲಿ ಬ್ರಿಟನ್ನಿನ ಆಕಾಶವನ್ನು ಕಾಪಾಡಿದ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳನ್ನು ಹಾರಿಸಿದ್ದು ಅದು. ಕನ್ನಡನಾಡಿಗೂ ಈ ಪರಂಪರೆಯ ಒಂದು ಎಳೆ ಬಂದು ಸೇರಿದೆ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ರೋಲ್ಸ್ ರಾಯ್ಸ್ ಪರವಾನಗಿಯಡಿ ಆವ್ರೊ ವಿಮಾನದ ಡಾರ್ಟ್ ಎಂಜಿನುಗಳೂ ಜಾಗ್ವಾರ್ ವಿಮಾನದ ಅಡೋರ್ ಎಂಜಿನುಗಳೂ ತಯಾರಾದವು. ಕುಕ್ ಬೀದಿಯ ಆ ಶಿಸ್ತನ್ನು ನಮ್ಮ ಕಡೆಯ ಎಷ್ಟೋ ಫಿಟ್ಟರುಗಳೂ ಟರ್ನರುಗಳೂ ತಮ್ಮ ಕೈಯಾರೆ ಅರಿತಿದ್ದಾರೆ.

1971ರಲ್ಲಿ ಜೆಟ್ ಎಂಜಿನ್ನಿನ ಅತಿವೆಚ್ಚದಿಂದ ಕಂಪನಿ ದಿವಾಳಿಯಾಯಿತು. ಬಳಿಕ ಕಾರು ಮತ್ತು ವಿಮಾನ ಎಂಜಿನುಗಳ ವ್ಯವಹಾರ ಬೇರೆ ಬೇರೆಯಾದವು. 2003ರಿಂದ ಆ ಹೆಸರಿನ ಕಾರುಗಳನ್ನು ಜರ್ಮನಿಯ ಬಿ.ಎಂ.ಡಬ್ಲ್ಯು. ಒಡೆತನದ ಸಂಸ್ಥೆ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ತಯಾರಿಸುತ್ತಿದೆ. ರಾಯ್ಸ್ ತಮ್ಮ ಕೊನೆಯ ದಿನಗಳನ್ನು ಕಳೆದ ವೆಸ್ಟ್ ವಿಟರಿಂಗ್ ಅಲ್ಲಿಗೆ ಹತ್ತಿರದಲ್ಲಿಯೇ ಇದೆ.

ಹೆನ್ರಿ ರಾಯ್ಸ್ ಅವರ ಬದುಕಿನಿಂದ ನಾವು ಕಲಿಯಬೇಕಾದುದು ಏನು? ಕೆಲಸವನ್ನು ಪೂಜೆಯಂತೆ ಮಾಡಿದರೆ ಬಡತನವಾಗಲಿ ಓದಿನ ಕೊರತೆಯಾಗಲಿ ಅಡ್ಡಿಯಾಗದು ಎಂಬುದು ಮೊದಲ ಪಾಠ. ಕಾಯಕದ ಹಿರಿಮೆಯನ್ನು ಶತಮಾನಗಳ ಹಿಂದೆಯೇ ಸಾರಿದ ನಾಡಿನವರಾದ ನಮಗೆ ಇದು ಹೊಸದಲ್ಲ. ಆದರೆ ಎರಡನೆಯ ಪಾಠವೂ ಇದೆ. ಹೊಟ್ಟೆಪಾಡಿಗೆಂದು ಊರು ಬಿಟ್ಟು ಮಹಾನಗರ ಸೇರಿದ ನಮ್ಮ ಕುಟುಂಬಗಳು ಅದನ್ನು ಹೆಚ್ಚಾಗಿ ಮನನ ಮಾಡಬೇಕು. ಯಂತ್ರದ ಸಣ್ಣ ನಡುಕವನ್ನೂ ಗುರುತಿಸುತ್ತಿದ್ದ ಆ ಮಹಾಶಯರು ತಮ್ಮ ದೇಹದ ನಡುಕವನ್ನು ಗುರುತಿಸಲಿಲ್ಲ. ಹೊತ್ತಿಗೆ ಸರಿಯಾಗಿ ಕಾರುಗಳಿಗೆ ಎಣ್ಣೆ ಹರಿಯುವಂತೆ ನೋಡಿಕೊಂಡವರು ಹೊತ್ತಿಗೆ ಸರಿಯಾಗಿ ಊಟ ಮಾಡಲಿಲ್ಲ. ಅವರನ್ನು ಇಪ್ಪತ್ತು ವರ್ಷ ಹೆಚ್ಚಿಗೆ ಬದುಕಿಸಿದ್ದು ಯಾವ ಎಂಜಿನ್ನೂ ಅಲ್ಲ. ಒಬ್ಬ ಗೆಳೆಯನ ಹಟ, ಒಬ್ಬ ದಾದಿಯ ಆರೈಕೆ.

ಮುಂದಿನ ಬಾರಿ ಹಳೆಯ ಕಾರುಗಳ ಮೆರವಣಿಗೆಗೆ ಹೋದಾಗ, ಬೆಳ್ಳಿಯ ಬಣ್ಣದ ಹಳೆಯ ರೋಲ್ಸ್ ರಾಯ್ಸ್ ಕಂಡರೆ, ಅದು ಯಾವ ಮಹಾರಾಜರದೆಂದು ಮಕ್ಕಳಿಗೆ ಹೇಳಿರಿ. ಜೊತೆಗೆ, ಲಂಡನ್ನಿನ ಚಳಿಯಲ್ಲಿ ಪತ್ರಿಕೆ ಮಾರಿದ ಒಂಬತ್ತು ವರ್ಷದ ಹುಡುಗನೊಬ್ಬನ ಕಥೆಯನ್ನೂ ಹೇಳಿರಿ. ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಮಕ್ಕಳು ಕಿವಿಗೊಟ್ಟು ಆಲಿಸಲಿ.